ಓದುಗರ ಪ್ರಶ್ನೆ, ನಮ್ಮ ಉತ್ತರ: ದೊಡ್ಡವರ ಕಾರ್ಟೂನು ತಯಾರಾಗುವ ಬಗೆ

ದೊಡ್ಡವರಿಗೆಂದೇ ತಯಾರಾಗುವ ಹಾಸ್ಯ ಅನಿಮೇಷನ್ ಸರಣಿಗಳನ್ನು ಪರಿಚಯಿಸುವ ಲೇಖನವೊಂದು ಕಳೆದ ತಿಂಗಳು ಈ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ‘ದಿ ಸಿಂಪ್ಸನ್ಸ್’, ‘ಸೌತ್ ಪಾರ್ಕ್’ ಮೊದಲಾದವುಗಳ ಕಥೆಯೇನು, ಪಾತ್ರಗಳು ಯಾರು ಎಂಬುದನ್ನು ಅದು ತಿಳಿಸಿತ್ತೇ ಹೊರತು ತೆರೆಯ ಹಿಂದಿನ ಕೆಲಸದ ಬಗ್ಗೆ ಏನನ್ನೂ ಹೇಳಿರಲಿಲ್ಲ. ಮೈಸೂರು ಮತ್ತು ಮಂಡ್ಯದ ಓದುಗರು ಅದನ್ನೇ ಹಿಡಿದು ಪ್ರಶ್ನೆ ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಚಿತ್ರಕಲೆಯ ವಿದ್ಯಾರ್ಥಿನಿ. ಇಂತಹ ಸರಣಿಯ ಕಂತೊಂದನ್ನು ಮಾಡುವಾಗ ಮೊದಲು ಚಿತ್ರ ಬಿಡಿಸುತ್ತಾರೆಯೇ ಅಥವಾ ಮೊದಲು ಧ್ವನಿ ಮುದ್ರಿಸುತ್ತಾರೆಯೇ? ನಮ್ಮ ಸಿನಿಮಾಗಳಲ್ಲಿ ಚಿತ್ರೀಕರಣ ಮುಗಿದ ಮೇಲೆ ಡಬ್ಬಿಂಗ್ ನಡೆಯುತ್ತದೆ ಎಂದು ಕೇಳಿದ್ದೇನೆ.
(ಸರಸ್ವತೀಪುರಂ, ಮೈಸೂರು)

ಉತ್ತರ: ಇಲ್ಲಿ ಧ್ವನಿಯೇ ಮೊದಲು. ಚಿತ್ರಕಲೆಯ ವಿದ್ಯಾರ್ಥಿಗಳಿಗೆ ಇದು ತುಸು ನಿರಾಸೆಯ ಸಂಗತಿಯಾಗಿ ಕಾಣಬಹುದು. ಆದರೆ ನಗೆ ಎಷ್ಟು ಹೊತ್ತು ನಿಲ್ಲಬೇಕು, ಮಾತು ಎಲ್ಲಿ ತಡೆಯಬೇಕು ಎಂಬುದನ್ನು ತೀರ್ಮಾನಿಸುವುದು ಮಾತಿನ ಲಯವೇ ಆದುದರಿಂದ, ಆ ಲಯವು ಕೈಗೆ ಸಿಗುವವರೆಗೆ ಬಿಡಿಸಿದ ಚಿತ್ರವೆಲ್ಲ ಬಹುಮಟ್ಟಿಗೆ ವ್ಯರ್ಥ ಶ್ರಮವಾಗುತ್ತದೆ.

ಲೆಕ್ಕ ಹಾಕಿ ನೋಡಿದರೆ ಕಾರಣ ಸ್ಪಷ್ಟವಾಗುತ್ತದೆ. ಜಾಹೀರಾತಿನ ಹೊತ್ತನ್ನು ಕಳೆದರೆ ಅರ್ಧ ಗಂಟೆಯ ಕಂತೊಂದರಲ್ಲಿ ಸುಮಾರು 22 ನಿಮಿಷಗಳ ಚಿತ್ರ ಇರುತ್ತದೆ. ತೆರೆಯ ಮೇಲೆ ಒಂದರ ಹಿಂದೊಂದು ಬರುವ ಬಿಡಿಬಿಂಬಕ್ಕೆ ಫ್ರೇಮ್ ಎನ್ನುತ್ತಾರೆ; ಸೆಕೆಂಡಿಗೆ 24 ಫ್ರೇಮ್‌ಗಳಂತೆ ಅದು 31,680 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್‌ಗಳಷ್ಟು ಕಾಲ ನಿಲ್ಲಿಸುವ ವಾಡಿಕೆಯನ್ನು ಅನುಸರಿಸಿದರೂ 15,840 ಚಿತ್ರಗಳ ಜಾಗ ತುಂಬಬೇಕು. ಇಷ್ಟನ್ನೂ ಮಾಡಿ ಮುಗಿಸಿದ ಮೇಲೆ ‘ಈ ಜೋಕು ನಗು ತರಿಸುತ್ತಿಲ್ಲ’ ಎಂದು ಗೊತ್ತಾದರೆ ಆಗುವ ನಷ್ಟವನ್ನು ಯಾವ ಸಂಸ್ಥೆಯೂ ಸುಲಭವಾಗಿ ತಡೆದುಕೊಳ್ಳಲಾರದು. ಆದ್ದರಿಂದ ಚಿತ್ರವು ದುಬಾರಿಯಾಗುವ ಹಂತಕ್ಕೆ ಮೊದಲೇ ಕಂತನ್ನು ಮತ್ತೆ ಮತ್ತೆ ಪರೀಕ್ಷಿಸುವ ಏರ್ಪಾಡು ಬೆಳೆದುಬಂದಿದೆ.

ಕೆಲಸ ನಡೆಯುವ ಕ್ರಮ ಸ್ಥೂಲವಾಗಿ ಹೀಗಿರುತ್ತದೆ. ಬರಹಗಾರರ ತಂಡ ಒಂದು ಕೋಣೆಯಲ್ಲಿ ಕುಳಿತು ಕಥೆಯ ಎಳೆಯನ್ನು ಚರ್ಚಿಸುತ್ತದೆ. ಅವರಲ್ಲಿ ಒಬ್ಬರು ಅದನ್ನು ಚಿತ್ರಕಥೆಯಾಗಿ ಬರೆದು ತರುತ್ತಾರೆ. ಇಡೀ ತಂಡ ಅದನ್ನು ಸಾಲುಸಾಲಾಗಿ ತಿದ್ದುತ್ತದೆ. ಬಳಿಕ ದನಿ ಕೊಡುವ ಕಲಾವಿದರೆಲ್ಲ ಮೇಜಿನ ಸುತ್ತ ಕುಳಿತು ಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ. ನಕ್ಕ ಜಾಗ ಉಳಿಯುತ್ತದೆ, ನಗದ ಜಾಗ ಮತ್ತೆ ಬರಹಗಾರರ ಕೋಣೆಗೆ ಹೋಗುತ್ತದೆ. ಧ್ವನಿಮುದ್ರಣ ಅದಾದ ನಂತರದ್ದು. ಆ ಧ್ವನಿಯನ್ನು ಮುಂದಿಟ್ಟುಕೊಂಡು ಸ್ಟೋರಿಬೋರ್ಡ್ ಕಲಾವಿದರು ದೃಶ್ಯಗಳನ್ನು ಒರಟು ಗೆರೆಗಳಲ್ಲಿ ಬಿಡಿಸುತ್ತಾರೆ. ಆ ಚಿತ್ರಗಳನ್ನು ಧ್ವನಿಯೊಡನೆ ಜೋಡಿಸಿ, ಕಂತಿನ ಪೂರ್ಣ ಅವಧಿಗೆ ಸರಿಯಾಗಿ ಓಡುವ ಕಪ್ಪುಬಿಳುಪಿನ ಕರಡೊಂದನ್ನು ಸಿದ್ಧಪಡಿಸುತ್ತಾರೆ. ಇದಕ್ಕೆ ಅನಿಮ್ಯಾಟಿಕ್ ಎಂದು ಹೆಸರು.

ನನ್ನ ಮಟ್ಟಿಗೆ ಇಡೀ ತಯಾರಿಕೆಯ ಜೀವಾಳ ಇರುವುದು ಈ ಕರಡಿನಲ್ಲಿ. ಮಾತಿಗೂ ಅದಕ್ಕೆ ಬರುವ ಮರುಮಾತಿಗೂ ನಡುವೆ ಎಂಟು ಫ್ರೇಮ್ ಬಿಡಬೇಕೇ, ಹನ್ನೆರಡು ಬಿಡಬೇಕೇ ಎಂಬ ಚರ್ಚೆ ನಡೆಯುವುದು ಇಲ್ಲೇ. ಎಂಟೆಂದರೆ ಸೆಕೆಂಡಿನ ಮೂರನೆಯ ಒಂದು ಭಾಗ, ಹನ್ನೆರಡೆಂದರೆ ಅರ್ಧ ಸೆಕೆಂಡು; ಪೆಚ್ಚಾದ ಮುಖವನ್ನು ಅಷ್ಟು ಹೆಚ್ಚು ಹೊತ್ತು ತೋರಿಸಿದ್ದರಿಂದಲೇ ನಗು ಹುಟ್ಟಿದ ದೃಶ್ಯಗಳು ಎಷ್ಟೋ ಇವೆ. ಅನಿಮ್ಯಾಟಿಕ್ ಒಪ್ಪಿಗೆಯಾದ ಮೇಲೆ ಪಾತ್ರಗಳ ಚಲನೆ, ಹಿನ್ನೆಲೆ ಚಿತ್ರ, ಬಣ್ಣ, ಎಲ್ಲವನ್ನೂ ಒಂದರ ಮೇಲೊಂದು ಕೂಡಿಸುವ ಕಂಪೋಸಿಟಿಂಗ್, ಸಂಗೀತ, ಸದ್ದುಗಳ ಜೋಡಣೆ ನಡೆಯುತ್ತವೆ. ಬಣ್ಣದ ಪ್ರತಿ ಬಂದ ನಂತರವೂ ತಿದ್ದುಪಡಿ ಇರುತ್ತದೆ. ಅದನ್ನು ಸ್ಟುಡಿಯೋದವರು ರೀಟೇಕ್ ಎನ್ನುತ್ತಾರೆ.

ಈ ರೀಟೇಕ್ ಕೈಮೀರಿದ್ದಕ್ಕೆ ‘ದಿ ಸಿಂಪ್ಸನ್ಸ್’ ಸರಣಿಯ ಆರಂಭವೇ ಸಾಕ್ಷಿ. ಮ್ಯಾಟ್ ಗ್ರೇನಿಂಗ್ ಸೃಷ್ಟಿಸಿದ ಈ ಕುಟುಂಬ 1987ರಲ್ಲಿ ‘ದಿ ಟ್ರೇಸಿ ಉಲ್ಮನ್ ಶೋ’ ಎಂಬ ಕಾರ್ಯಕ್ರಮದ ನಡುನಡುವೆ ತುಣುಕುಗಳಾಗಿ ಕಾಣಿಸಿಕೊಂಡಿತ್ತು. ಅದನ್ನು ಅರ್ಧ ಗಂಟೆಯ ಸರಣಿಯಾಗಿ ಬೆಳೆಸಲು ಹೊರಟಾಗ ಮೊದಲನೆಯದೆಂದು ಗೊತ್ತುಮಾಡಿದ್ದ ಕಂತು ಕೊರಿಯಾದಿಂದ ಬಣ್ಣ ತುಂಬಿಕೊಂಡು ಬಂದಿತು. ನಿರ್ಮಾಪಕರು ಬಯಸಿದ್ದು ವಾಸ್ತವದ ನಿಯಮಗಳಿಗೆ ಒಳಪಟ್ಟ ಮನೆಯನ್ನು. ತೆರೆಯ ಮೇಲೆ ಕಂಡದ್ದು ದಡಾರನೆ ಹಾಕಿದ ಬಾಗಿಲೂ ರಬ್ಬರಿನಂತೆ ಬಳುಕುವ ಮನೆ. ಅದರಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಭಾಗವನ್ನು ಹೊಸದಾಗಿ ಮಾಡಬೇಕಾಯಿತು. ಎರಡನೆಯ ಕಂತು ಅಷ್ಟು ಕೆಡದೆ ಬಂದದ್ದರಿಂದ ಸರಣಿ ಉಳಿಯಿತು. ಕೊನೆಗೆ 1989ರ ಡಿಸೆಂಬರ್ 17ರಂದು ಬೇರೊಂದು ಕ್ರಿಸ್‌ಮಸ್ ಕಂತಿನಿಂದ ಪ್ರಸಾರ ಆರಂಭವಾಯಿತು. ಮೊದಲು ಬರಬೇಕಾಗಿದ್ದ ಕಂತು ಸರಣಿಯ ಆ ಮೊದಲ ಸುತ್ತಿನ (ಸೀಸನ್) ಕಡೆಯ ಕಂತಾಗಿ 1990ರ ಮೇ ತಿಂಗಳಲ್ಲಿ ಬಂದಿತು.

ಪ್ರಶ್ನೆ: ಇಷ್ಟು ಹಣ ಸುರಿಯುವವರ ಚಿತ್ರಗಳು ಮಕ್ಕಳು ಬಿಡಿಸಿದಂತೆ ಏಕಿರುತ್ತವೆ? ಕೈಕಾಲು ಮಾತ್ರ ಆಡುತ್ತವೆ, ಮೈ ಅಲ್ಲಾಡುವುದಿಲ್ಲ. ಇದು ಸೋಮಾರಿತನವಲ್ಲವೇ?
(ನಿವೃತ್ತ ಚಿತ್ರಕಲಾ ಶಿಕ್ಷಕರು, ಮಂಡ್ಯ)

ಉತ್ತರ: ಮಿತವ್ಯಯ ಎಂದರೆ ಒಪ್ಪಬಹುದು, ಸೋಮಾರಿತನ ಎನ್ನಲಾಗದು. 1960ರಲ್ಲಿ ಅಮೆರಿಕದಲ್ಲಿ ಸಂಜೆಯ ಮುಖ್ಯ ವೇಳೆಯಲ್ಲಿ ಪ್ರಸಾರವಾದ ‘ದಿ ಫ್ಲಿಂಟ್‌ಸ್ಟೋನ್ಸ್’ ಸರಣಿಯನ್ನು ಮಾಡಿದ ಹ್ಯಾನಾ-ಬಾರ್ಬೆರಾ ಸಂಸ್ಥೆಯವರು ವಾರವಾರವೂ ಕಂತು ಕೊಡಬೇಕಾದ ಒತ್ತಡದಲ್ಲಿ, ಅಲುಗಬೇಕಾದ ಭಾಗವನ್ನು ಮಾತ್ರ ಹೊಸದಾಗಿ ಬಿಡಿಸುವ ಪದ್ಧತಿಯನ್ನು ಗಟ್ಟಿಗೊಳಿಸಿದರು. ಅವರ ಪ್ರಾಣಿಪಾತ್ರಗಳ ಕೊರಳಲ್ಲಿ ಕಾಲರ್, ಟೈಗಳು ಇರುವುದು ಅಲಂಕಾರಕ್ಕಷ್ಟೇ ಅಲ್ಲ. ತಲೆ ಬೇರೆ ಹಾಳೆ, ಮೈ ಬೇರೆ ಹಾಳೆ ಆದಾಗ ಅವೆರಡೂ ಸೇರುವ ಗೆರೆಯನ್ನು ಆ ಕಾಲರ್ ಮುಚ್ಚುತ್ತದೆ. ಮೈಯನ್ನು ಹಾಗೆಯೇ ಬಿಟ್ಟು ತಲೆಯನ್ನಷ್ಟೇ ಆಡಿಸಬಹುದು.

1997ರ ಆಗಸ್ಟ್ 13ರಂದು ಆರಂಭವಾದ ‘ಸೌತ್ ಪಾರ್ಕ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಅದರ ಮೊದಲ ಕಂತನ್ನು ಬಣ್ಣದ ಕಾಗದ ಕತ್ತರಿಸಿ, ತುಣುಕುಗಳನ್ನು ಒಂದಿಷ್ಟಿಷ್ಟೇ ಸರಿಸಿ, ಕ್ಯಾಮೆರಾದಲ್ಲಿ ಒಂದೊಂದೇ ಫ್ರೇಮ್ ಹಿಡಿದು ಮಾಡಿದರು; ಅದಕ್ಕೆ ಸುಮಾರು ಮೂರು ತಿಂಗಳು ಹಿಡಿಯಿತು. ನಮ್ಮ ತೊಗಲುಗೊಂಬೆಗಳಲ್ಲಿ ತೋಳು, ಮುಂಗೈ, ಕಾಲುಗಳನ್ನು ಬೇರೆಬೇರೆಯಾಗಿ ಕತ್ತರಿಸಿ ಕೀಲಿನಲ್ಲಿ ಪೋಣಿಸುತ್ತಾರಲ್ಲ, ತತ್ವ ಅದೇ. ಆಮೇಲೆ ಅವರು ಕಂಪ್ಯೂಟರಿಗೆ ಬದಲಾದರು. ಆದರೂ ಕಾಗದದ ನೆರಳು, ಒರಟು ಅಂಚು ಉಳಿಯುವಂತೆ ನೋಡಿಕೊಂಡರು. ಇಂದಿನ ಬಹುಪಾಲು ಸರಣಿಗಳಲ್ಲಿ ಪಾತ್ರದ ಅಂಗಾಂಗಗಳನ್ನು ಬಿಡಿಸಿ, ಕೀಲುಗಳನ್ನು ಗುರುತಿಸಿ, ಕಂಪ್ಯೂಟರಿನಲ್ಲಿ ಆಡಿಸಬಲ್ಲ ಗೊಂಬೆಯನ್ನು ಕಟ್ಟುತ್ತಾರೆ. ಅದನ್ನು ರಿಗ್ ಎಂದು ಕರೆಯುತ್ತಾರೆ. ಒಮ್ಮೆ ಕಟ್ಟಿದ ರಿಗ್ ಹತ್ತಾರು ಕಂತುಗಳಿಗೆ ಬರುತ್ತದೆ.

ಶಿಕ್ಷಕರಾದ ತಮಗೆ ಇನ್ನೊಂದು ಮಾತನ್ನು ನೆನಪಿಸಬಹುದು. ಸರಳ ರೂಪವನ್ನು ಬಿಡಿಸುವುದಕ್ಕಿಂತ ಅದನ್ನು ನೂರು ಕೈಗಳಲ್ಲಿ ಒಂದೇ ಬಗೆಯಾಗಿ ಉಳಿಸುವುದು ಕಷ್ಟ. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು ಬೋಳುತಲೆಯ ಎರಡು ಬದಿಯ ಕೂದಲು, ಕನ್ನಡಕ, ಚೌಕುಳಿ ಕೋಟು, ಧೋತರಗಳಿಂದಲೇ ನಾವು ಗುರುತಿಸುತ್ತೇವೆ. ಆದರೆ ಅವನನ್ನು ಬಿಡಿಸುತ್ತಿದ್ದುದು ಒಂದೇ ಕೈ. ಅನಿಮೇಷನ್ ಸ್ಟುಡಿಯೋದಲ್ಲಿ ಪ್ರತಿ ಪಾತ್ರಕ್ಕೂ ಮಾಡೆಲ್ ಶೀಟ್ ಇರುತ್ತದೆ: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಪಾತ್ರ ಹೇಗೆ ಕಾಣುತ್ತದೆ, ಸಿಟ್ಟು ಬಂದಾಗ ಹುಬ್ಬು ಎಲ್ಲಿರುತ್ತದೆ, ಪಕ್ಕದ ಪಾತ್ರಕ್ಕಿಂತ ಎಷ್ಟು ಎತ್ತರ ಎಂಬುದೆಲ್ಲ ಅದರಲ್ಲಿ ನಿಗದಿಯಾಗಿರುತ್ತದೆ. ಕಪ್ಪು ನೆರಳಿನಲ್ಲಿ ತೋರಿಸಿದರೂ ಪಾತ್ರವನ್ನು ಗುರುತಿಸುವಂತಿರಬೇಕು ಎಂಬುದು ಗ್ರೇನಿಂಗ್ ಅವರ ನಿಯಮ.

ಪ್ರಶ್ನೆ: ಕೆಲವು ಸರಣಿಗಳು ಹಿಂದಿನ ವಾರದ ಸುದ್ದಿಯನ್ನೇ ಹಾಸ್ಯ ಮಾಡುತ್ತವೆ. ಒಂದು ಕಂತಿಗೆ ತಿಂಗಳುಗಟ್ಟಲೆ ಬೇಕು ಎನ್ನುವುದಾದರೆ ಇದು ಹೇಗೆ ಸಾಧ್ಯ?
(ಕುವೆಂಪುನಗರ, ಮೈಸೂರು)

ಉತ್ತರ: ಸಾಮಾನ್ಯವಾಗಿ ಸಾಧ್ಯವಿಲ್ಲ. ‘ದಿ ಸಿಂಪ್ಸನ್ಸ್’ ಬಗೆಯ ಸರಣಿಯಲ್ಲಿ ಒಂದು ಕಂತು ಬರಹದಿಂದ ಪ್ರಸಾರಕ್ಕೆ ಬರುವಷ್ಟರಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಕಳೆದಿರುವುದರಿಂದ, ಇಂದಿನ ಸುದ್ದಿಯ ಮೇಲಿನ ಜೋಕು ತೆರೆಗೆ ಬರುವ ಹೊತ್ತಿಗೆ ಹಳಸಿರುತ್ತದೆ. ಅದರ ಬರಹಗಾರರು ವ್ಯಕ್ತಿಗಿಂತ ವ್ಯವಸ್ಥೆಯನ್ನು, ಘಟನೆಗಿಂತ ಸ್ವಭಾವವನ್ನು ಹಾಸ್ಯಕ್ಕೆ ಆರಿಸಿಕೊಳ್ಳುವುದಕ್ಕೆ ಈ ಅನಿವಾರ್ಯವೂ ಒಂದು ಕಾರಣವೆಂದು ನನಗೆ ತೋರುತ್ತದೆ.

ತಾವು ಹೇಳುತ್ತಿರುವುದು ಬಹುಶಃ ‘ಸೌತ್ ಪಾರ್ಕ್’ ಬಗ್ಗೆ. ಅದರ ತಂಡ ಗುರುವಾರ ಬೆಳಿಗ್ಗೆ ಬರಹಕ್ಕೆ ಕುಳಿತು ಮುಂದಿನ ಬುಧವಾರ ಕಂತನ್ನು ಪ್ರಸಾರಕ್ಕೆ ಒಪ್ಪಿಸುವ ರೂಢಿಯನ್ನು ಬೆಳೆಸಿಕೊಂಡಿತು. ಆರು ದಿನಗಳ ಈ ಓಟವನ್ನು ತೋರಿಸುವ ಸಾಕ್ಷ್ಯಚಿತ್ರವೊಂದು 2011ರಲ್ಲಿ ಬಂದಿದೆ. ಪಾತ್ರಗಳ ರಿಗ್‌ಗಳೂ ಊರಿನ ಹಿನ್ನೆಲೆ ಚಿತ್ರಗಳೂ ಸಿದ್ಧವಾಗಿರುತ್ತವೆ, ಚಲನೆ ಸರಳ, ಎಲ್ಲ ಕೆಲಸವೂ ಒಂದೇ ಸ್ಟುಡಿಯೋದಲ್ಲಿ ನಡೆಯುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ, ಬರೆಯುವ ಪಾರ್ಕರ್ ಮತ್ತು ಸ್ಟೋನ್ ಅವರೇ ಮುಖ್ಯ ಪಾತ್ರಗಳಲ್ಲಿ ಹೆಚ್ಚಿನವಕ್ಕೆ ದನಿ ಕೊಡುತ್ತಾರೆ. ಸಾಲು ಬದಲಾಯಿತೆಂದು ಕಲಾವಿದರಿಗೆ ಹೇಳಿಕಳುಹಿಸಿ ಕಾಯಬೇಕಾಗಿಲ್ಲ, ಎದ್ದುಹೋಗಿ ಮೈಕಿನ ಮುಂದೆ ನಿಂತರಾಯಿತು.

2008ರ ನವೆಂಬರ್ 4ರಂದು ಬರಾಕ್ ಒಬಾಮ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಗೆಲುವನ್ನು ಕುರಿತ ಕಂತು ಮರುದಿನವೇ ಪ್ರಸಾರವಾಯಿತು. 2016ರಲ್ಲಿ ಇದೇ ಧೈರ್ಯ ತಿರುಗುಬಾಣವಾಯಿತು. ಹಿಲರಿ ಕ್ಲಿಂಟನ್ ಗೆಲ್ಲುತ್ತಾರೆಂದು ನಂಬಿ ಸಿದ್ಧಪಡಿಸಿದ್ದ ಕಂತನ್ನು, ಫಲಿತಾಂಶ ಬೇರೆಯಾದಾಗ ರಾತ್ರೋರಾತ್ರಿ ತಿದ್ದಿ ನವೆಂಬರ್ 9ರಂದು ಪ್ರಸಾರ ಮಾಡಬೇಕಾಯಿತು. ಕಂತು ವೇಳೆಗೆ ಸರಿಯಾಗಿ ಸಿದ್ಧವಾಗದೆ ಮೊದಲ ಬಾರಿ ತಪ್ಪಿಹೋದದ್ದು 2013ರ ಅಕ್ಟೋಬರ್ 16ರಂದು. ಹಿಂದಿನ ರಾತ್ರಿ ಸ್ಟುಡಿಯೋದಲ್ಲಿ ಕರೆಂಟು ಹೋಗಿತ್ತು, ಅಷ್ಟೇ. ಪರೀಕ್ಷೆಯ ಹಿಂದಿನ ರಾತ್ರಿ ದೀಪ ಹಿಡಿದು ಓದಿದ ನಮ್ಮ ಕಡೆಯವರು ಈ ಸಂಗತಿಯನ್ನು ಸಹಾನುಭೂತಿಯಿಂದಲೇ ನೋಡಬಹುದು.

ಪ್ರಶ್ನೆ: ಕಾರ್ಟೂನು ತಾನೇ ಎಂದು ಮಗ ನೋಡುವುದನ್ನು ತಡೆಯಲಿಲ್ಲ. ಈಗ ಸಂಶಯವಾಗುತ್ತಿದೆ. ಗುರುತಿಸುವುದು ಹೇಗೆ?
(ಮದ್ದೂರು, ಮಂಡ್ಯ ಜಿಲ್ಲೆ)

ಉತ್ತರ: ಚಿತ್ರದ ರೂಪವನ್ನು ನೋಡಿ ನಿರ್ಧರಿಸಬೇಡಿ, ಮೂಲೆಯಲ್ಲಿ ಬರುವ ವರ್ಗೀಕರಣವನ್ನು ನೋಡಿ. ಭಾರತದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿ ವೇದಿಕೆಗಳು ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ಐದು ವರ್ಗಗಳಲ್ಲಿ ಕಾರ್ಯಕ್ರಮಗಳನ್ನು ಗುರುತಿಸಬೇಕು. 13+ ಮತ್ತು ಅದರ ಮೇಲಿನವುಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನೂ ಕೊಡಬೇಕು. ಅಮೆರಿಕದ ಗುರುತುಗಳಾದರೆ ಟಿವಿ-14 (14 ವರ್ಷದೊಳಗಿನವರಿಗೆ ತಕ್ಕುದಲ್ಲದಿರಬಹುದು), ಟಿವಿ-ಎಂಎ (ದೊಡ್ಡವರಿಗೆ ಮಾತ್ರ). ‘ಸೌತ್ ಪಾರ್ಕ್’ ಖಂಡಿತ ಮಕ್ಕಳಿಗಲ್ಲ.

ಪ್ರಶ್ನೆ: ನಾನು ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಅನಿಮೇಟರ್, ದಿನವೂ ಮಂಡ್ಯದಿಂದ ರೈಲಿನಲ್ಲಿ ಓಡಾಡುತ್ತೇನೆ. ಹೊರದೇಶದ ಕೆಲಸದಲ್ಲಿ ನಮಗೆ ಬರುವುದು ಯಾವಾಗಲೂ ನಡುವಿನ ಭಾಗ ಮಾತ್ರ. ಕಥೆ, ಸ್ಟೋರಿಬೋರ್ಡ್ ನಮ್ಮ ಕೈಗೆ ಏಕೆ ಬರುವುದಿಲ್ಲ?

ಉತ್ತರ: ಮೊದಲ ಉತ್ತರದಲ್ಲಿ ಹೇಳಿದ ಕ್ರಮವೇ ಇದಕ್ಕೂ ಕಾರಣ. ನಗೆಯನ್ನು ತೀರ್ಮಾನಿಸುವ ಬರಹ, ಧ್ವನಿ, ಅನಿಮ್ಯಾಟಿಕ್‌ಗಳನ್ನು ನಿರ್ಮಾಪಕರು ತಮ್ಮ ಕಣ್ಣೆದುರಿನಲ್ಲೇ ಇಟ್ಟುಕೊಳ್ಳುತ್ತಾರೆ. ಹೆಚ್ಚು ಕೈಗಳು ಬೇಕಾದ, ಆದರೆ ತೀರ್ಮಾನಗಳೆಲ್ಲ ಮುಗಿದಿರುವ ಹಂತವನ್ನು ಹೊರಗೆ ಕಳುಹಿಸುತ್ತಾರೆ. ‘ದಿ ಸಿಂಪ್ಸನ್ಸ್’ ಸರಣಿಯಲ್ಲಿ ಒಂದು ಭಂಗಿಯಿಂದ ಇನ್ನೊಂದಕ್ಕೆ ಸಾಗುವ ಚಲನೆಯ ನಡುಚಿತ್ರಗಳು, ಬಣ್ಣ ಮೊದಲಾದವು ದಶಕಗಳಿಂದ ದಕ್ಷಿಣ ಕೊರಿಯಾದಲ್ಲಿ ಆಗುತ್ತಿವೆ; ಎಕೋಮ್ ಎಂಬ ಅಲ್ಲಿನ ಸಂಸ್ಥೆಯ ಹೆಸರು ಕಂತಿನ ಕೊನೆಯ ಪಟ್ಟಿಯಲ್ಲಿ ಬರುತ್ತದೆ. 1999ರಲ್ಲಿ ಆರಂಭವಾದ ‘ಫ್ಯೂಚುರಾಮ’ ಸರಣಿಯ ಅನಿಮೇಷನ್ ಮಾಡಿದ ರಫ್ ಡ್ರಾಫ್ಟ್ ಸಂಸ್ಥೆಗೆ ಲಾಸ್ ಏಂಜಲೀಸ್ ಬಳಿಯ ಗ್ಲೆಂಡೇಲ್‌ನಲ್ಲೂ ಸಿಯೋಲ್‌ನಲ್ಲೂ ಸ್ಟುಡಿಯೋಗಳಿವೆ.

ಹೊರಗೆ ಹೋಗುವ ಪ್ರತಿ ದೃಶ್ಯದ ಜೊತೆಗೆ ಎಕ್ಸ್‌ಪೋಷರ್ ಶೀಟ್ ಹೋಗುತ್ತದೆ. ಎಷ್ಟನೆಯ ಫ್ರೇಮಿನಲ್ಲಿ ಯಾವ ಬಾಯಿ, ಯಾವ ಕಣ್ಣು ಎಂಬುದು ಅದರಲ್ಲಿ ನಮೂದಾಗಿರುತ್ತದೆ ಎಂಬುದನ್ನು ತಮಗೆ ಹೇಳಬೇಕಾಗಿಲ್ಲ. ಆ ಹಾಳೆಯನ್ನು ತುಂಬುವವರು ನಿರ್ದೇಶನ ಕಲಿಯುತ್ತಾರೆ, ಅದನ್ನು ಪಾಲಿಸುವವರು ಕೈಚಳಕ ಕಲಿಯುತ್ತಾರೆ. ಕರ್ನಾಟಕವು ಅನಿಮೇಷನ್ ಉದ್ಯಮಕ್ಕಾಗಿ 2012ರಲ್ಲಿಯೇ ಪ್ರತ್ಯೇಕ ನೀತಿ ತಂದಿತು, 2024ರಿಂದ 2029ರ ಅವಧಿಗೆ ಹೊಸ ನೀತಿಯೂ ಇದೆ. ಆದರೆ ನೀತಿಯಿಂದ ತರಬೇತಿ ಕೇಂದ್ರಗಳು ಬಂದಾವೇ ವಿನಾ ಬರಹಗಾರರ ಕೋಣೆ ಬರಲಾರದು. ಅನಿಮೇಟರುಗಳಿಗೆ ಕೊರತೆಯಿಲ್ಲದ ನಮ್ಮಲ್ಲಿ, ಒಂದೇ ಕಥೆಯನ್ನು ಎಂಟು ಜನ ಕುಳಿತು ವಾರಗಟ್ಟಲೆ ತಿದ್ದುವ ಅಭ್ಯಾಸ ಮತ್ತು ಅದಕ್ಕೆ ಸಂಬಳ ಕೊಡುವ ಅಭ್ಯಾಸ ಎರಡೂ ಕಡಿಮೆ. ತಾವು ಸ್ಟೋರಿಬೋರ್ಡಿನತ್ತ ಹೋಗಬೇಕೆಂದಿದ್ದರೆ ಕನ್ನಡದ ಸಣ್ಣ ಹಾಸ್ಯ ಪ್ರಸಂಗಗಳನ್ನು ಆರಿಸಿಕೊಂಡು ಬೋರ್ಡ್ ಮಾಡಿ ತೋರಿಸುವುದು ಒಳ್ಳೆಯ ದಾರಿ. ಚಲನೆಯ ಮಾದರಿ ತುಣುಕುಗಳನ್ನು ಎಷ್ಟು ತೋರಿಸಿದರೂ ಆ ಕೆಲಸ ಸಿಗುವುದು ಕಷ್ಟ.

ಪ್ರಶ್ನೆ: ನಾನು ಹವ್ಯಾಸಿ ರಂಗಕಲಾವಿದೆ. ಈ ಸರಣಿಗಳಲ್ಲಿ ಕಲಾವಿದರು ಒಟ್ಟಿಗೆ ನಿಂತು ಮಾತನಾಡುತ್ತಾರೆಯೇ ಅಥವಾ ಒಬ್ಬೊಬ್ಬರೇ ಬಂದು ಹೋಗುತ್ತಾರೆಯೇ?
(ಜಯಲಕ್ಷ್ಮೀಪುರಂ, ಮೈಸೂರು)

ಉತ್ತರ: ಎರಡೂ ಪದ್ಧತಿಗಳಿವೆ, ಅವುಗಳ ಅಂತರವನ್ನು ಎಚ್. ಜಾನ್ ಬೆಂಜಮಿನ್ ಎಂಬ ಒಬ್ಬರೇ ಕಲಾವಿದರಲ್ಲಿ ಕೇಳಬಹುದು. 2011ರಲ್ಲಿ ಆರಂಭವಾದ ‘ಬಾಬ್ಸ್ ಬರ್ಗರ್ಸ್’ ಸರಣಿಯಲ್ಲಿ ಹೋಟೆಲು ನಡೆಸುವ ತಂದೆಯ ದನಿ ಅವರದು. ಅಲ್ಲಿ ಕಲಾವಿದರನ್ನು ಸಾಧ್ಯವಾದಷ್ಟೂ ಒಟ್ಟಿಗೆ ಸೇರಿಸಿ ಮುದ್ರಿಸುತ್ತಾರೆ, ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವುದಕ್ಕೆ, ಬರೆದದ್ದನ್ನು ಬಿಟ್ಟು ಆಡುವುದಕ್ಕೆ ಅವಕಾಶವಿರುತ್ತದೆ. 2023ರಲ್ಲಿ ಮುಗಿದ, ಗೂಢಚಾರರ ಹಾಸ್ಯವಾದ ‘ಆರ್ಚರ್’ನಲ್ಲಿ ನಾಯಕನ ದನಿಯೂ ಅವರದೇ, ಅಲ್ಲಿ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಮುದ್ರಿಸಿ ಸಂಕಲನದಲ್ಲಿ ಜೋಡಿಸುತ್ತಿದ್ದರು. ಮೊದಲನೆಯದರಲ್ಲಿ ಮನೆಮಂದಿಯ ಗದ್ದಲ ಸಹಜವಾಗಿ ಬರುತ್ತದೆ. ಎರಡನೆಯದರಲ್ಲಿ ಮಾತು ಕತ್ತರಿಸಿಟ್ಟಂತೆ ಚುರುಕಾಗಿರುತ್ತದೆ. ನನಗೆ ಹಿಡಿಸುವುದು ಮೊದಲನೆಯದು.

ರಂಗದವರಿಗೆ ಮೈಕಿನ ಮುಂದೆ ಎದುರಾಗುವ ತೊಡಕು ಒಂದೇ: ಕೊನೆಯ ಸಾಲಿನ ಪ್ರೇಕ್ಷಕರಿಗೂ ಕೇಳಿಸುವಂತೆ ಎಸೆಯುವ ದನಿ ಇಲ್ಲಿ ಬೇಕಾಗುವುದಿಲ್ಲ. ರೇಡಿಯೋ ನಾಟಕದ ಅನುಭವ ಇದಕ್ಕೆ ಹೆಚ್ಚು ಹತ್ತಿರ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿಯನ್ನು ಆರಂಭಿಸಿದ ಊರಿನಲ್ಲಿ, 1989ರಿಂದ ರಂಗಾಯಣ ಇರುವ ಊರಿನಲ್ಲಿ, ಅಂತಹ ಕಂಠಗಳಿಗೆ ಅಭಾವವಿರಲಾರದು.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಮಂಡ್ಯದ ಮಾತಿನಲ್ಲೇ ದೊಡ್ಡವರ ಹಾಸ್ಯ ಸರಣಿಯೊಂದನ್ನು ಮಾಡಬೇಕೆಂದಿದ್ದೇವೆ. ಕಬ್ಬಿನ ತೂಕ, ಸೊಸೈಟಿ ಚುನಾವಣೆ, ಬೀಗರೂಟ, ಎಲ್ಲವೂ ಅದರಲ್ಲಿ ಬರುತ್ತವೆ. ಯಾವ ಸಾಫ್ಟ್‌ವೇರ್ ಕೊಳ್ಳಬೇಕು?
(ಮಂಡ್ಯ)

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಟೂನ್ ಬೂಮ್ ಹಾರ್ಮನಿ ಎಂಬುದು ದೊಡ್ಡ ಸ್ಟುಡಿಯೋಗಳು ಬಳಸುವ ಸಾಧನ, ಅದಕ್ಕೆ ಶುಲ್ಕವಿದೆ. ಓಪನ್‌ಟೂನ್ಜ್, ಕ್ರಿಟಾ, ಬ್ಲೆಂಡರ್‌ನ ಗ್ರೀಸ್ ಪೆನ್ಸಿಲ್ ಉಚಿತವಾಗಿ ಸಿಗುತ್ತವೆ. ಓಪನ್‌ಟೂನ್ಜ್ 2016ರಲ್ಲಿ ಉಚಿತವಾಗಿ ಬಿಡುಗಡೆಯಾಯಿತು. ಜಪಾನಿನ ಘಿಬ್ಲಿ ಸ್ಟುಡಿಯೋ ಬಳಸುತ್ತಿದ್ದ ಸಾಧನವೇ ಅದಕ್ಕೆ ಆಧಾರ. ಧ್ವನಿಗೆ ಆಡಾಸಿಟಿ ಸಾಕು.

ಎರಡು ನಿಮಿಷದ ಒಂದು ಪ್ರಸಂಗ ಬರೆದು, ಮೊದಲು ಧ್ವನಿ ಮುದ್ರಿಸಿ. ಫ್ಯಾನು ಆರಿಸಿದ ಕೋಣೆ, ಕಿಟಕಿಗೆ ಕಂಬಳಿ ಇದ್ದರೆ ಆರಂಭಕ್ಕೆ ನಡೆಯುತ್ತದೆ. ಅದರ ಮೇಲೆ ಒರಟು ಚಿತ್ರಗಳ ಅನಿಮ್ಯಾಟಿಕ್ ಮಾಡಿ, ಕಥೆ ಗೊತ್ತಿಲ್ಲದವರಿಗೆ ತೋರಿಸಿ, ಅವರು ನಗದ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಗೆಳೆಯರಿಗೆ ತೋರಿಸಿದರೆ ಅವರು ನಿಮ್ಮ ಮುಖ ನೋಡಿ ನಗುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ತುಟಿಚಲನೆಯಲ್ಲಿ ಮಾತ್ರ ಇಂಗ್ಲಿಷ್ ಪುಸ್ತಕಗಳ ಬಾಯಿಯ ಚಾರ್ಟನ್ನು ಹಾಗೆಯೇ ಇಳಿಸಿಕೊಳ್ಳಬೇಡಿ. ನಮ್ಮ ವರ್ಣಮಾಲೆಯ ವರ್ಗೀಕರಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಓಷ್ಠ್ಯಗಳಾದ ಪ, ಬ, ಮಗಳಿಗೆ ತುಟಿ ಮುಚ್ಚಲೇಬೇಕು. ಒಂದು ಫ್ರೇಮ್ ತಪ್ಪಿದರೂ ನೋಡುವವರಿಗೆ ಗೊತ್ತಾಗುತ್ತದೆ. ಟ, ಣ, ಳಗಳಲ್ಲಿ ನಾಲಿಗೆ ಒಳಗೇ ಮಡಚುವುದರಿಂದ ಹೊರಗಿನಿಂದ ಭೇದ ಕಾಣದು; ತೆರೆದ ಬಾಯಿಯ ಒಂದೇ ಚಿತ್ರ ಎಲ್ಲಕ್ಕೂ ಸಾಕು. ಹ್ರಸ್ವ ಸ್ವರಕ್ಕೆ ಎರಡು ಫ್ರೇಮ್ ಕೊಟ್ಟರೆ ದೀರ್ಘಕ್ಕೆ ನಾಲ್ಕು ಕೊಡಿ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಮಾತು ನಿಂತಾಗ ಬಾಯಿ ತಟ್ಟನೆ ಮುಚ್ಚಿದರೆ ಕೃತಕವಾಗಿ ಕಾಣುತ್ತದೆ. ‘ಏನ್ಲಾ’, ‘ಕಣ್ಲಾ’ ಎಂದು ನಿಮ್ಮ ಪಾತ್ರ ಎಳೆದಾಗ ಕೊನೆಯ ‘ಆ’ ಸ್ವರದ ಬಾಯಿಯನ್ನು ತೆರೆದೇ ಬಿಟ್ಟು, ಮುಂದಿನವರು ಮಾತು ಶುರುಮಾಡಿದ ನಂತರ ಮುಚ್ಚಿಸಿ. ಈ ಎಂಟು ಹತ್ತು ಬಾಯಿಗಳನ್ನು ರಿಗ್ ಕಟ್ಟುವಾಗಲೇ ಸೇರಿಸಿಬಿಟ್ಟರೆ ಎರಡನೆಯ ಕಂತಿಗೆ ಮತ್ತೆ ಬಿಡಿಸುವ ಕೆಲಸವಿರುವುದಿಲ್ಲ.